ನಾಲ್ಕು ಗಂಟೆಯ ಪೆಟ್ಟಿಗೆ

ವರ್ಷದಲ್ಲಿ ನಾಲ್ಕಾರು ಸಲವಾದರೂ ನಮ್ಮ ಟಿವಿ ವಾಹಿನಿಗಳು ‘ಜೀವಂತ ಹೃದಯ ರವಾನೆ’ ಎಂದು ದಪ್ಪಕ್ಷರದಲ್ಲಿ ಬರೆದುಕೊಂಡು ಆಂಬುಲೆನ್ಸ್ ಹಿಂದೆ ಓಡುತ್ತವೆ. ಝೀರೊ ಟ್ರಾಫಿಕ್, ಪೊಲೀಸ್ ಬೆಂಗಾವಲು, ಇಷ್ಟು ಕಿಲೋಮೀಟರಿಗೆ ಇಷ್ಟೇ ನಿಮಿಷ. ಸೈರನ್ ಕೇಳಿಸುತ್ತದೆ, ಚಕ್ರ ಕಾಣಿಸುತ್ತದೆ. ಒಳಗಿರುವ ಪೆಟ್ಟಿಗೆಯನ್ನು ಮಾತ್ರ ಯಾರೂ ತೆರೆದು ತೋರಿಸುವುದಿಲ್ಲ. ತೋರಿಸಿದರೆ ನೋಡುಗರಿಗೆ ನಿರಾಸೆಯೇ ಆದೀತು. ಬಹಳಷ್ಟು ಸಲ ಅದು ಪಿಕ್ನಿಕ್ಕಿಗೆ ತಂಪು ಪಾನೀಯ ಒಯ್ಯುವಂಥ ಐಸ್ ಬಾಕ್ಸ್. ಒಳಗೆ ಮಂಜುಗಡ್ಡೆಯ ಚೂರು, ಅದರ ನಡುವೆ ಒಂದರೊಳಗೊಂದು ಕಟ್ಟಿಟ್ಟ ಪ್ಲಾಸ್ಟಿಕ್ ಚೀಲಗಳು, ತೀರಾ ಒಳಗಿನ ಚೀಲದ ತಣ್ಣನೆಯ ದ್ರಾವಣದಲ್ಲಿ ಮುಳುಗಿರುವ ಮುನ್ನೂರು ಗ್ರಾಂ ಆಸುಪಾಸಿನ ಹೃದಯ. ನಾವು ‘ಜೀವಂತ’ ಎಂದು ಕರೆಯುವ ಆ ಹೃದಯ ಅಲ್ಲಿ ಬಡಿಯುತ್ತಿರುವುದಿಲ್ಲ. ಬೇಕೆಂದೇ ಅದರ ಬಡಿತ ನಿಲ್ಲಿಸಿರುತ್ತಾರೆ.

ಆ ಪೆಟ್ಟಿಗೆಯ ಗಡುವು ಸುಮಾರು ನಾಲ್ಕು ಗಂಟೆ. ಮೂತ್ರಪಿಂಡವನ್ನು ಇದೇ ರೀತಿ ತಣ್ಣಗಿಟ್ಟರೆ ಒಂದು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ತಡೆಯುತ್ತದೆ. ಯಕೃತ್ತು ಹತ್ತು-ಹನ್ನೆರಡು ಗಂಟೆ ಇದ್ದೀತು. ಶ್ವಾಸಕೋಶಕ್ಕೆ ಆರರಿಂದ ಎಂಟು. ಹೃದಯಕ್ಕೆ ನಾಲ್ಕು. ಆ ನಾಲ್ಕರಲ್ಲೂ ರೋಗಿಯ ಎದೆಯೊಳಗೆ ಅದನ್ನು ಹೊಲಿದು ಕೂರಿಸುವುದಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹೋಗುತ್ತದೆ. ಎದೆಯಿಂದ ಬಿಡಿಸಿ ಚೀಲ ಕಟ್ಟುವುದಕ್ಕೆ ಇನ್ನಷ್ಟು. ದಾರಿಗೆ ಉಳಿಯುವುದು ಎರಡೂವರೆ ಗಂಟೆ ಎನ್ನಿ.

ಈ ಗಡುವು ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ದಾನಿಯ ಶಸ್ತ್ರಚಿಕಿತ್ಸೆಯ ಕೋಣೆಗೆ ಹೋಗಬೇಕು. ಹೃದಯದಿಂದ ಹೊರಡುವ ಮಹಾಪಧಮನಿಗೆ ಸರ್ಜನ್ ಕ್ಲಾಂಪ್ ಹಾಕಿದ ಗಳಿಗೆಯನ್ನು ಗೋಡೆ ಗಡಿಯಾರ ನೋಡಿ ಬರೆದುಕೊಳ್ಳುತ್ತಾರೆ. ಗಡುವು ಶುರುವಾಗುವುದು ಅಲ್ಲಿಂದ. ಕ್ಲಾಂಪಿನ ಕೆಳಗಿನಿಂದ ಪೊಟ್ಯಾಸಿಯಂ ಬೆರೆಸಿದ ತಣ್ಣನೆಯ ದ್ರಾವಣ ಹೃದಯದ ಸ್ವಂತ ರಕ್ತನಾಳಗಳಿಗೆ ಹರಿಯುತ್ತದೆ. ಬಡಿತ ನಿಧಾನವಾಗಿ, ಒಂದೆರಡು ಸಲ ನಡುಗಿ, ನಿಲ್ಲುತ್ತದೆ. ಬಿಗಿಯಾಗಿದ್ದ ಸ್ನಾಯು ಕೈಯಲ್ಲಿ ಮೆತ್ತಗಾಗುತ್ತದೆ. ಬಡಿಯದ ಹೃದಯದ ಖರ್ಚು ಕಡಿಮೆ, ತಣ್ಣಗಿರುವ ಹೃದಯದ ಖರ್ಚು ಇನ್ನೂ ಕಡಿಮೆ. ಉಷ್ಣತೆ 10 ಡಿಗ್ರಿ ಇಳಿದಂತೆಲ್ಲ ಜೀವಕೋಶದ ಖರ್ಚು ಅರ್ಧಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. 4 ಡಿಗ್ರಿಗೆ ಬಂದಾಗ ಮೊದಲಿನ ಹತ್ತರಲ್ಲೊಂದು ಪಾಲು ಉಳಿದಿರುತ್ತದೆ.

ಆದರೆ ಖರ್ಚು ನಿಂತಿಲ್ಲ, ಕಡಿಮೆಯಾಗಿದೆ ಅಷ್ಟೆ. ಆದಾಯವೋ ಪೂರ್ತಿ ನಿಂತಿದೆ. ಆಮ್ಲಜನಕ ಬರುತ್ತಿಲ್ಲ. ಕೂಡಿಟ್ಟ ಶಕ್ತಿಯ ಅಣುಗಳು ಕರಗುತ್ತ ಹೋಗುತ್ತವೆ, ಆಮ್ಲ ಶೇಖರವಾಗುತ್ತದೆ. ಸೋಡಿಯಂ ಹೊರಗಿಟ್ಟು ಪೊಟ್ಯಾಸಿಯಂ ಒಳಗಿಡುವ ಜೀವಕೋಶದ ಪಂಪುಗಳು ಸೋಲುತ್ತವೆ. ಸೋಡಿಯಂ ಒಳಬಂದರೆ ನೀರೂ ಹಿಂದೆಯೇ ಬರುತ್ತದೆ, ಕೋಶ ಊದಿಕೊಳ್ಳುತ್ತದೆ. ವಿಚಿತ್ರವೆಂದರೆ, ದೊಡ್ಡ ಪೆಟ್ಟು ಬೀಳುವುದು ಬರಗಾಲದಲ್ಲಲ್ಲ, ಮಳೆ ಬಂದ ಮೇಲೆ. ಹೊಸ ದೇಹದಲ್ಲಿ ಕ್ಲಾಂಪ್ ತೆಗೆದು ಬಿಸಿ ರಕ್ತ ನುಗ್ಗಿದಾಗ, ಹಸಿದ ಕೋಶಗಳಲ್ಲಿ ಆಮ್ಲಜನಕವೇ ವಿಷದಂತೆ ವರ್ತಿಸುತ್ತದೆ. ಕಸಿಯಾದ ಮೊದಲ ದಿನವೇ ಹೃದಯ ತನ್ನ ಕೆಲಸ ಮಾಡಲಾರದೆ ಕೂರುವ ಸ್ಥಿತಿಗೆ ಇದೊಂದು ಮುಖ್ಯ ಕಾರಣ. ಹೃದಯ ಕಸಿಯಾದವರು ಮೊದಲ ತಿಂಗಳಲ್ಲಿ ಸತ್ತರೆ ವೈದ್ಯರು ಮೊದಲು ಅನುಮಾನಿಸುವುದು ಇದನ್ನೇ.

ಐಸಿನ ವಿದ್ಯೆ ಹೊಸತಲ್ಲ. 1960ರಲ್ಲಿ ಸ್ಟ್ಯಾನ್‌ಫರ್ಡಿನ ನಾರ್ಮನ್ ಶುಮ್ವೇ ಮತ್ತು ರಿಚರ್ಡ್ ಲೋವರ್ ನಾಯಿಗಳಲ್ಲಿ ಹೃದಯ ಬದಲಿಸಿ ತೋರಿಸಿದಾಗ ಅಂಗವನ್ನು ಕಾಪಾಡಿದ್ದು ತಣ್ಣನೆಯ ಉಪ್ಪುನೀರು. 1967ರ ಡಿಸೆಂಬರ್ 3ರಂದು ಕೇಪ್‌ಟೌನಿನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಮನುಷ್ಯರಲ್ಲಿ ಮೊದಲ ಹೃದಯ ಕಸಿ ಮಾಡಿದರು. ಆಗ ದಾನಿ ಇದ್ದದ್ದು ಅದೇ ಆಸ್ಪತ್ರೆಯಲ್ಲಿ, ಹಾಗಾಗಿ ಸಾಗಾಟದ ಪ್ರಶ್ನೆಯೇ ಹುಟ್ಟಲಿಲ್ಲ. ಆ ರೋಗಿ ಬದುಕಿದ್ದು 18 ದಿನ. ಅದಕ್ಕೂ ನಾಲ್ಕು ವರ್ಷ ಮೊದಲು, 1963ರಲ್ಲಿ, ಅಮೆರಿಕದ ಮಿಸಿಸಿಪ್ಪಿಯಲ್ಲಿ ಜೇಮ್ಸ್ ಹಾರ್ಡಿ ಮಾಡಿದ ಮೊದಲ ಶ್ವಾಸಕೋಶ ಕಸಿಯ ರೋಗಿಯೂ 18 ದಿನವೇ ಬದುಕಿದ್ದ. ಬರ್ನಾರ್ಡ್ ಸುದ್ದಿಯಾದ ಎರಡೂವರೆ ತಿಂಗಳಿಗೆ, 1968ರ ಫೆಬ್ರುವರಿಯಲ್ಲಿ, ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಪಿ.ಕೆ. ಸೇನ್ ಕೈಹಾಕಿದರು. ರೋಗಿ ಕೆಲವೇ ಗಂಟೆ ಉಳಿದ. ನಮ್ಮಲ್ಲಿ ಯಶಸ್ವಿ ಹೃದಯ ಕಸಿಗೆ 1994ರ ಆಗಸ್ಟ್ 3ರವರೆಗೆ, ದೆಹಲಿಯ ಏಮ್ಸ್‌ನಲ್ಲಿ ಪಿ. ವೇಣುಗೋಪಾಲ್ ಅವರ ತಂಡದ ಕೈಗೆ ಬರುವವರೆಗೆ, ಕಾಯಬೇಕಾಯಿತು. ಮಿದುಳು ನಿಷ್ಕ್ರಿಯತೆಯನ್ನು ಸಾವೆಂದು ಒಪ್ಪುವ ಕಾನೂನು ಬಂದದ್ದೂ ಆ ವರ್ಷವೇ.

ಈ ನಡುವಿನ ವರ್ಷಗಳಲ್ಲಿ ಪೆಟ್ಟಿಗೆ ಬದಲಾಗಲಿಲ್ಲ, ಒಳಗಿನ ನೀರು ಬದಲಾಯಿತು. ಜರ್ಮನಿಯಲ್ಲಿ ಬ್ರೆಟ್‌ಷ್ನೈಡರ್, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬೆಲ್ಜರ್ ಮತ್ತು ಸೌತರ್ಡ್, ಲಂಡನ್ನಿನಲ್ಲಿ ಹರ್ಸ್, ಹೀಗೆ ಹಲವರು ತಮ್ಮ ತಮ್ಮ ಪಾಕ ತಯಾರಿಸಿದರು. ಕೋಶ ಊದದಂತೆ ಹಿಡಿದಿಡುವ ದೊಡ್ಡ ಸಕ್ಕರೆ ಅಣು, ಆಮ್ಲ ಹೀರುವ ಹಿಸ್ಟಿಡಿನ್, ಪೊಟ್ಯಾಸಿಯಂ ಹೆಚ್ಚೋ ಕಡಿಮೆಯೋ: ಮನೆಮನೆಯ ಸಾರಿನಷ್ಟೇ ಬಗೆ. ಯಾವುದು ಮೇಲು ಎಂಬ ಜಗಳ ಇಂದಿಗೂ ತೀರಿಲ್ಲ. ನಾಲ್ಕು ಗಂಟೆಯ ಗಡಿಯನ್ನು ಹೃದಯದ ಮಟ್ಟಿಗೆ ಅವ್ಯಾವುವೂ ದೊಡ್ಡದಾಗಿ ದಾಟಿಸಲಿಲ್ಲ ಎಂದು ಹೇಳಿ ಈ ಅಧ್ಯಾಯವನ್ನು ಮುಗಿಸಬಹುದು.

ಶ್ವಾಸಕೋಶದ ಕತೆ ಬೇರೆ, ನನಗಂತೂ ಹೃದಯದ ಕತೆಗಿಂತ ಸ್ವಾರಸ್ಯ ಅನ್ನಿಸುತ್ತದೆ. ಹೃದಯಕ್ಕೆ ಆಮ್ಲಜನಕ ರಕ್ತದ ಮೂಲಕವೇ ಬರಬೇಕು. ಶ್ವಾಸಕೋಶಕ್ಕೆ ಗಾಳಿಯಿಂದಲೂ ಬರುತ್ತದೆ. ದಾನಿಯ ಎದೆಯಲ್ಲಿ ಅದರ ರಕ್ತನಾಳಕ್ಕೆ ತಣ್ಣನೆಯ ದ್ರಾವಣ ಹರಿಸಿದಾಗ ನಸುಗೆಂಪು ಶ್ವಾಸಕೋಶ ನೋಡನೋಡುತ್ತಿದ್ದಂತೆ ಹಾಲಿನ ಬಿಳುಪಿಗೆ ತಿರುಗುತ್ತದೆ. ಆಮೇಲೆ ಅದಕ್ಕೆ ಆಮ್ಲಜನಕ ಬೆರೆತ ಗಾಳಿಯನ್ನು ಹದವಾಗಿ ತುಂಬಿ, ಬಲೂನಿನ ಬಾಯಿ ಕಟ್ಟಿದಂತೆ ಶ್ವಾಸನಾಳವನ್ನು ಮುಚ್ಚಿ ಕತ್ತರಿಸುತ್ತಾರೆ. ಪೂರ್ತಿ ಉಬ್ಬಿಸಿದರೆ ಗಾಳಿಗೂಡುಗಳು ಹರಿಯುತ್ತವೆ, ಉಬ್ಬಿಸದಿದ್ದರೆ ಮುದುಡಿ ಅಂಟಿಕೊಳ್ಳುತ್ತವೆ. ಹೀಗೆ ಶ್ವಾಸಕೋಶ ತನ್ನ ಬುತ್ತಿ ತಾನೇ ಕಟ್ಟಿಕೊಂಡು ಪ್ರಯಾಣ ಹೊರಡುವ ಅಂಗ. ಮೂತ್ರಪಿಂಡಕ್ಕೆಂದು ಮಾಡಿದ, ಪೊಟ್ಯಾಸಿಯಂ ಹೆಚ್ಚಿರುವ ಹಳೆಯ ದ್ರಾವಣಗಳು ಇದಕ್ಕೆ ಒಗ್ಗಲಿಲ್ಲ, ಏಕೆಂದರೆ ಅವು ಶ್ವಾಸಕೋಶದ ರಕ್ತನಾಳಗಳನ್ನು ಬಿಗಿಯುತ್ತಿದ್ದವು. ಪೊಟ್ಯಾಸಿಯಂ ಇಳಿಸಿ ಡೆಕ್ಸ್‌ಟ್ರಾನ್ ಬೆರೆಸಿದ ದ್ರಾವಣ ಬಂದ ಮೇಲೆ ಫಲಿತಾಂಶ ಸುಧಾರಿಸಿತು.

ಅಷ್ಟಾದರೂ ಶ್ವಾಸಕೋಶದ ನಿಜವಾದ ಕೊರತೆ ಗಂಟೆಗಳದ್ದಲ್ಲ, ನಂಬಿಕೆಯದ್ದು. ದಾನಿಯಿಂದ ಉಳಿದೆಲ್ಲ ಅಂಗ ಪಡೆದರೂ ಶ್ವಾಸಕೋಶವನ್ನು ಬಿಟ್ಟುಬಿಡುವುದೇ ಹೆಚ್ಚು. ಜಗತ್ತಿನ ಬಹುತೇಕ ಕಡೆ ಐದು ದಾನಿಗಳಲ್ಲಿ ಒಬ್ಬರದ್ದು ಬಳಕೆಯಾದರೆ ಅದೇ ಸರಿ. ವೆಂಟಿಲೇಟರಿನಲ್ಲಿದ್ದ ದಿನಗಳ ಸೋಂಕು, ಮಿದುಳು ಸಾಯುವಾಗ ಮೈಯಲ್ಲಿ ಏಳುವ ಹಾರ್ಮೋನಿನ ಬಿರುಗಾಳಿ, ಒಳಗೆ ತುಂಬಿದ ನೀರು. ಇದು ಚೇತರಿಸಿಕೊಳ್ಳುತ್ತದೋ ಇಲ್ಲವೋ ಎಂದು ಐಸಿನ ಮೇಲೆ ಮಲಗಿದ ಅಂಗವನ್ನು ನೋಡಿ ಹೇಳುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ಕೊಟ್ಟವರು ಸ್ವೀಡನ್ನಿನ ಲುಂಡ್ ನಗರದ ಸ್ಟೀಗ್ ಸ್ಟೇನ್. ಹೃದಯ ನಿಂತು ಸತ್ತವರೊಬ್ಬರ ಶ್ವಾಸಕೋಶವನ್ನು ಅವರು 2000ದಲ್ಲಿ ಹೊರಗೆ ತೆಗೆದು, ಬೆಚ್ಚಗಿಟ್ಟು, ದ್ರಾವಣ ಹರಿಸಿ, ಉಸಿರಾಡಿಸಿ ನೋಡಿ, ಚೆನ್ನಾಗಿದೆ ಎಂದು ಖಾತ್ರಿಯಾದ ಮೇಲೆ ಕಸಿ ಮಾಡಿದರು. ಟೊರಾಂಟೊದ ಶಾಫ್ ಕೇಶವ್‌ಜಿ ತಂಡ ಅದನ್ನು ಗಂಟೆಗಟ್ಟಲೆ ನಡೆಸಬಹುದಾದ ವಿಧಾನವಾಗಿ ಪಳಗಿಸಿತು. ಗಾಜಿನ ಗುಮ್ಮಟದಂಥ ಪೆಟ್ಟಿಗೆಯೊಳಗೆ ದೇಹವಿಲ್ಲದ ಎರಡು ಶ್ವಾಸಕೋಶ ಏರುತ್ತ ಇಳಿಯುತ್ತ ಇರುವುದನ್ನು ವಿಡಿಯೊದಲ್ಲಿ ಮೊದಲ ಸಲ ಕಂಡವರು ಮಾತು ನಿಲ್ಲಿಸುತ್ತಾರೆ. 2011ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಅನುಮಾನದ ಮೇಲೆ ಬದಿಗಿಡಬಹುದಾಗಿದ್ದ 23 ದಾನಿಗಳ ಶ್ವಾಸಕೋಶಗಳನ್ನು ನಾಲ್ಕು ಗಂಟೆ ಹೀಗೆ ನಡೆಸಿ ನೋಡಿದಾಗ 20 ಕಸಿಗೆ ಯೋಗ್ಯವಾದವು. ಈಗ ಆ ಗುಮ್ಮಟ ಚಿಕಿತ್ಸಾಲಯವೂ ಆಗುತ್ತಿದೆ. ಎ ರಕ್ತಗುಂಪಿನ ಶ್ವಾಸಕೋಶದ ರಕ್ತನಾಳಗಳಿಂದ ಆ ಗುಂಪಿನ ಗುರುತನ್ನು ಕಿಣ್ವ ಹರಿಸಿ ಅಳಿಸಿಹಾಕಬಹುದು ಎಂದು ಟೊರಾಂಟೊದವರು 2022ರಲ್ಲಿ ತೋರಿಸಿದರು. ಪ್ರಯೋಗ ಶಾಲೆಯ ಮಟ್ಟದ್ದು, ನಿಜ. ಆದರೂ ಒ ಗುಂಪಿನವರು ಸಾಲಿನಲ್ಲಿ ಹೆಚ್ಚು ಕಾಯಬೇಕಾದ ಸಂಕಟ ಬಲ್ಲವರಿಗೆ ಅದರ ಬೆಲೆ ಗೊತ್ತು.

ಹೃದಯವನ್ನೂ ಹೀಗೆ ಬಡಿಯುತ್ತಲೇ ಒಯ್ದರೆ? ಆಸೆ ಹಳೆಯದು. 1895ರಲ್ಲಿ ಜರ್ಮನಿಯ ಆಸ್ಕರ್ ಲಾಂಗೆನ್‌ಡಾರ್ಫ್, ಮಹಾಪಧಮನಿಗೆ ಕೊಳವೆ ಕೂರಿಸಿ ಹಿಮ್ಮುಖವಾಗಿ ದ್ರವ ಹರಿಸಿದರೆ ಪ್ರಾಣಿಯ ಹೃದಯ ದೇಹದ ಹೊರಗೂ ಬಡಿಯುತ್ತದೆ ಎಂದು ತೋರಿಸಿದ್ದ. 1935ರಲ್ಲಿ ಅಲೆಕ್ಸಿಸ್ ಕ್ಯಾರೆಲ್ ಅಂಗಗಳನ್ನು ಹೊರಗೆ ಬದುಕಿಸುವ ಗಾಜಿನ ಪಂಪನ್ನು ಪ್ರಕಟಿಸಿದಾಗ, ಅದನ್ನು ರೂಪಿಸಿಕೊಟ್ಟವನು ಅಟ್ಲಾಂಟಿಕ್ ಮೇಲೆ ಒಬ್ಬನೇ ಹಾರಿ ಹೆಸರಾದ ಚಾರ್ಲ್ಸ್ ಲಿಂಡ್‌ಬರ್ಗ್. ಹೆಂಡತಿಯ ಅಕ್ಕನ ಹೃದ್ರೋಗ ಅವನನ್ನು ಆ ಕಡೆಗೆ ಎಳೆದಿತ್ತು. ಇವತ್ತು ಅಮೆರಿಕದ ಟ್ರಾನ್ಸ್‌ಮೆಡಿಕ್ಸ್ ಕಂಪನಿಯ ಯಂತ್ರ ಲಾಂಗೆನ್‌ಡಾರ್ಫನ ಉಪಾಯದ ಮೊಮ್ಮಗ. ದಾನಿಯದೇ ರಕ್ತ ಒಂದು ಲೀಟರಿಗೂ ಮಿಕ್ಕಿ ತುಂಬಿಸಿಕೊಂಡು, ಮೈ ಬಿಸಿಯ ಹತ್ತಿರದ ಉಷ್ಣತೆಯಲ್ಲಿ, ಹೃದಯವನ್ನು ಬಡಿಸುತ್ತಲೇ ಒಯ್ಯುತ್ತದೆ. ನೋಡುವುದಕ್ಕೆ ಪವಾಡ. ಆದರೆ ಸಾಮಾನ್ಯ ದಾನಿಗಳ ಹೃದಯದಲ್ಲಿ ಯಂತ್ರವನ್ನೂ ಐಸ್ ಬಾಕ್ಸನ್ನೂ ಎದುರುಬದುರು ನಿಲ್ಲಿಸಿದ 130 ರೋಗಿಗಳ ಅಧ್ಯಯನ 2015ರಲ್ಲಿ ಪ್ರಕಟವಾದಾಗ, ಮೊದಲ ತಿಂಗಳ ಉಳಿವಿನಲ್ಲಿ ಯಂತ್ರ ಐಸಿಗೆ ಸರಿಸಮ ಎಂದಷ್ಟೇ ಸಾಬೀತಾಯಿತು. ಒಮ್ಮೆ ಬಳಸಿ ಎಸೆಯುವ ಬಿಡಿಭಾಗಗಳಿಗೇ ಹತ್ತಾರು ಲಕ್ಷ ರೂಪಾಯಿ ಬೇಕು.

ಆ ಯಂತ್ರ ತನ್ನ ಯೋಗ್ಯತೆ ತೋರಿಸಿದ್ದು ಬೇರೆ ಕಡೆ. 2014ರಲ್ಲಿ ಸಿಡ್ನಿಯ ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆಯಲ್ಲಿ ಪೀಟರ್ ಮ್ಯಾಕ್‌ಡೊನಾಲ್ಡ್, ಕುಮುದ್ ಧಿತಾಲ್ ಮುಂತಾದವರು ದಾನಿಯ ಎದೆಯಲ್ಲಿ ತಾನಾಗಿ ನಿಂತುಹೋಗಿದ್ದ ಹೃದಯವನ್ನು ಯಂತ್ರದಲ್ಲಿ ಮತ್ತೆ ಬಡಿಸಿ, ಪರೀಕ್ಷಿಸಿ, ಕಸಿ ಮಾಡಿದರು. ಅಲ್ಲಿಯವರೆಗೆ ಹೃದಯದ ದಾನಿ ಎಂದರೆ ಬಹುಮಟ್ಟಿಗೆ ಮಿದುಳು ಸತ್ತು ಹೃದಯ ಬಡಿಯುತ್ತಿರುವವರು ಎಂದೇ ಲೆಕ್ಕ. ಬದುಕುವ ಭರವಸೆಯಿಲ್ಲವೆಂದು ವೆಂಟಿಲೇಟರ್ ತೆಗೆದು, ಹೃದಯ ನಿಂತು, ಐದು ನಿಮಿಷ ಕಾದು ಸಾವು ಘೋಷಿಸಿದವರಿಂದಲೂ ಹೃದಯ ಪಡೆಯಬಹುದು ಎಂದಾಗ ಲೆಕ್ಕವೇ ಬದಲಾಯಿತು. ಇಂಥ ಹೃದಯ ಪಡೆದವರೂ ಆರು ತಿಂಗಳಲ್ಲಿ ಉಳಿದವರಷ್ಟೇ ಚೆನ್ನಾಗಿ ಇದ್ದಾರೆಂದು 2023ರಲ್ಲಿ ಅಮೆರಿಕದ ಅಧ್ಯಯನವೊಂದು ಹೇಳಿತು. ಯಂತ್ರವಿಲ್ಲದೆ, ದಾನಿಯ ದೇಹದೊಳಗೇ ರಕ್ತ ಮತ್ತೆ ಹರಿಸಿ ಹೃದಯ ಎಬ್ಬಿಸುವ ಅಗ್ಗದ ದಾರಿಯೂ ಇದೆ. ಆದರೆ ಸತ್ತರು ಎಂದು ಘೋಷಿಸಿದ ಮೇಲೆ ಅದೇ ದೇಹದಲ್ಲಿ ರಕ್ತ ಹರಿಸುವುದು ಸರಿಯೇ ಎಂದು ನೀತಿಶಾಸ್ತ್ರದವರು ಕೇಳುತ್ತಾರೆ, ಆ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಅಮೆರಿಕದ ವಾಂಡರ್‌ಬಿಲ್ಟ್ ತಂಡ 2025ರಲ್ಲಿ ಮೂರನೆಯ ದಾರಿ ತೋರಿಸಿತು. ನಿಂತ ಹೃದಯವನ್ನು ಎಬ್ಬಿಸುವುದೇ ಬೇಡ, ಆಮ್ಲಜನಕ ತುಂಬಿದ ತಣ್ಣನೆಯ ದ್ರಾವಣದಿಂದ ತೊಳೆದು ನೇರವಾಗಿ ಒಯ್ಯಿರಿ ಎಂದಿತು. ಮೂರೇ ರೋಗಿಗಳ ವರದಿ, ಅವಸರದ ತೀರ್ಮಾನ ಬೇಡ. ಆದರೂ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದಕ್ಕೆ ಅದೊಂದು ಸೂಚನೆ.

ಆ ಗಾಳಿ ಬೀಸುತ್ತಿರುವುದು ಬಿಸಿಯ ಕಡೆಗೂ ಅಲ್ಲ, ಮಂಜುಗಡ್ಡೆಯ ಕಡೆಗೂ ಅಲ್ಲ. ಬಾಳೆಹಣ್ಣನ್ನು ಫ್ರಿಜ್ಜಿನಲ್ಲಿಟ್ಟು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತಂಪು ಅದನ್ನು ಕಾಪಾಡುವುದಿಲ್ಲ, ಸಿಪ್ಪೆ ಕಪ್ಪಾಗಿಸುತ್ತದೆ. ಚಳಿ ಅತಿಯಾದರೆ ಜೀವಕೋಶದ ಪೊರೆಯ ಕೊಬ್ಬು, ಡಿಸೆಂಬರಿನ ಬೆಳಗ್ಗೆ ಡಬ್ಬಿಯ ತುಪ್ಪ ಗಟ್ಟಿಯಾದಂತೆ, ಬಿರುಸಾಗುತ್ತದೆ. ಪ್ರೋಟೀನುಗಳ ಆಕಾರ ಕೆಡುತ್ತದೆ. ಐಸ್ ಬಾಕ್ಸಿನಲ್ಲಿ ಮಂಜುಗಡ್ಡೆಗೆ ತಾಗಿದ ಭಾಗ ಸೊನ್ನೆಯ ಹತ್ತಿರಕ್ಕೇ ಇಳಿಯಬಹುದು, ಒಳಭಾಗ ಇನ್ನೂ ಬೆಚ್ಚಗೇ ಇರಬಹುದು. ಆಸ್ಪತ್ರೆಗಳಲ್ಲಿ ಲಸಿಕೆಯ ಫ್ರಿಜ್ಜಿಗೂ ಉಷ್ಣತೆಯ ದಾಖಲೆ ಪುಸ್ತಕ ಇದೆ, ಹೃದಯದ ಪೆಟ್ಟಿಗೆಗೆ ದಶಕಗಟ್ಟಲೆ ಇರಲಿಲ್ಲ!

1980ರ ದಶಕದ ಕೊನೆಯಲ್ಲೇ ಪ್ರಾಣಿಗಳ ಶ್ವಾಸಕೋಶ 4 ಡಿಗ್ರಿಗಿಂತ 10 ಡಿಗ್ರಿಯಲ್ಲಿ ಚೆನ್ನಾಗಿರುತ್ತದೆ ಎಂದು ಗೊತ್ತಾಗಿತ್ತು. ಆದರೆ 10 ಡಿಗ್ರಿಯನ್ನು ಕಾರಿನಲ್ಲಿ ಒಯ್ಯುವುದು ಕಷ್ಟ, ಐಸ್ ಎಲ್ಲೆಡೆ ಸಿಗುತ್ತದೆ. ಅನುಕೂಲವೇ ವಿಜ್ಞಾನವಾಗಿ ಮೂವತ್ತು ವರ್ಷ ಕಳೆಯಿತು. ಟೊರಾಂಟೊದ ಮಾರ್ಸೆಲೊ ಸೈಪೆಲ್ ತಂಡ ಹಳೆಯ ಕಡತ ತೆರೆದು, ಕೋಶಗಳ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಾ 10 ಡಿಗ್ರಿಯಲ್ಲಿ ಆರೋಗ್ಯವಾಗಿರುತ್ತವೆ ಎಂದು 2021ರಲ್ಲಿ ತೋರಿಸಿತು. ಆಮೇಲೆ ವಿಯೆನ್ನಾ, ಮ್ಯಾಡ್ರಿಡ್ ಆಸ್ಪತ್ರೆಗಳ ಜೊತೆ ಸೇರಿ ರೋಗಿಗಳಲ್ಲೂ ಬಳಸಿತು. ಬೇಕಾದದ್ದು ಉಷ್ಣತೆ ಏರಿಳಿಯದ ಒಂದು ಫ್ರಿಜ್, ಅಷ್ಟೇ. ನಡುರಾತ್ರಿ ಬಂದ ಶ್ವಾಸಕೋಶವನ್ನು ಅದರಲ್ಲಿಟ್ಟು, ಸರ್ಜನ್ ನಿದ್ದೆ ಮುಗಿಸಿ, ಬೆಳಿಗ್ಗೆ ಶಸ್ತ್ರಚಿಕಿತ್ಸೆ ಶುರು ಮಾಡುತ್ತಾರೆ. ಕಸಿ ಎಂದರೆ ರಾತ್ರಿಯ ಕೆಲಸ ಎಂಬ ರೂಢಿಯೇ ಇದರಿಂದ ಸಡಿಲವಾಗುತ್ತಿದೆ.

ಹೃದಯದ ಮಟ್ಟಿಗೂ ಲುಂಡ್‌ನ ಅದೇ ಸ್ಟೇನ್ ನಡುದಾರಿ ಹಿಡಿದರು. ಬಡಿಸುವುದು ಬೇಡ, ಬರೀ ಐಸೂ ಬೇಡ. 8 ಡಿಗ್ರಿಯಲ್ಲಿ, ನಿಂತ ಹೃದಯಕ್ಕೆ ಆಮ್ಲಜನಕ ಹೊತ್ತ ದ್ರಾವಣವನ್ನು ಮೆಲ್ಲಗೆ ಹರಿಸುತ್ತಿರುವುದು. ಪಂಪು ಕೆಟ್ಟು ನಿಂತರೂ ಹೃದಯ ತಣ್ಣಗೇ ಇರುವುದರಿಂದ ಕೈಯಲ್ಲಿ ಸ್ವಲ್ಪ ಹೊತ್ತು ಉಳಿಯುತ್ತದೆ. ಬಿಸಿ ಯಂತ್ರ ನಿಂತರೆ ಆ ಭಾಗ್ಯವಿಲ್ಲ. ಯುರೋಪಿನ 229 ರೋಗಿಗಳ ಅಧ್ಯಯನ 2024ರಲ್ಲಿ ಬಂತು. ಮುಖ್ಯ ಗುರಿಯ ಅಂಕಿ ಸಂಖ್ಯಾಶಾಸ್ತ್ರದ ಗೆರೆಯನ್ನು ಕೂದಲೆಳೆಯಲ್ಲಿ ದಾಟಲಿಲ್ಲ. ಆದರೆ ಹೊಸ ಹೃದಯ ಆರಂಭದಲ್ಲೇ ಮುಷ್ಕರ ಹೂಡುವ ಪ್ರಕರಣ ಐಸಿನ ಗುಂಪಿನಲ್ಲಿ ಶೇ. 28 ಇದ್ದದ್ದು ಈ ಪೆಟ್ಟಿಗೆಯಲ್ಲಿ ಶೇ. 11ಕ್ಕೆ ಇಳಿದಿತ್ತು. ಅದೇ ವರ್ಷ ಇಂಥದೇ ಪೆಟ್ಟಿಗೆಯಲ್ಲಿ ಕೆರಿಬಿಯನ್ ಸಮುದ್ರದ ಫ್ರೆಂಚ್ ದ್ವೀಪಗಳಿಂದ ಹೃದಯವೊಂದು ಪ್ರಯಾಣಿಕರ ವಿಮಾನದಲ್ಲಿ ಅಟ್ಲಾಂಟಿಕ್ ದಾಟಿ ಪ್ಯಾರಿಸ್ ತಲುಪಿತು. ಹನ್ನೆರಡು ಗಂಟೆ ದೇಹದ ಹೊರಗಿದ್ದ ಹೃದಯ ಹೊಸ ಎದೆಯಲ್ಲಿ ಬಡಿಯಿತು. ಅಲ್ಲಿಯವರೆಗೆ ಆ ದ್ವೀಪದವರ ಹೃದಯದಾನಕ್ಕೆ ಫ್ರಾನ್ಸಿನಲ್ಲಿ ಬೆಲೆಯೇ ಇರಲಿಲ್ಲ, ಅಷ್ಟು ದೂರ.

ಪೂರ್ತಿ ಹೆಪ್ಪುಗಟ್ಟಿಸಿ ತಿಂಗಳುಗಟ್ಟಲೆ ಇಡುವ ಕನಸೂ ಇದೆ. 2023ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದವರು ಇಲಿಯ ಮೂತ್ರಪಿಂಡವನ್ನು ಗಾಜಿನಂತೆ ಹೆಪ್ಪುಗಟ್ಟಿಸಿ, 100 ದಿನದವರೆಗೆ ಇಟ್ಟು, ಮತ್ತೆ ಬೆಚ್ಚಗಾಗಿಸಿ ಇಲಿಗೆ ಕೂರಿಸಿದರು. ಮನುಷ್ಯನ ಹೃದಯದ ಗಾತ್ರಕ್ಕೆ ಅದು ಬರಲು ಬಹಳ ದೂರವಿದೆ.

ಇಷ್ಟೆಲ್ಲದರ ನಡುವೆ ನಾವು ಎಲ್ಲಿದ್ದೇವೆ? 2014ರ ಸೆಪ್ಟೆಂಬರ್ 3ರಂದು ಬೆಂಗಳೂರಿನಿಂದ ಚೆನ್ನೈಗೆ ಹೃದಯವೊಂದು ವಿಮಾನದಲ್ಲಿ ಹೋದಾಗ ಎರಡೂ ನಗರಗಳ ರಸ್ತೆ ತೆರವಾಗಿತ್ತು. ಹಸಿರು ಪಥದ ಮಾತು ನಮ್ಮವರ ಬಾಯಿಗೆ ಬಂದದ್ದು ಆಗ. 2025ರ ಆಗಸ್ಟಿನಲ್ಲಿ ನಮ್ಮ ಮೆಟ್ರೊ ಯಕೃತ್ತೊಂದನ್ನು ವೈಟ್‌ಫೀಲ್ಡಿನಿಂದ ರಾಜರಾಜೇಶ್ವರಿನಗರಕ್ಕೆ ಒಯ್ದಿತು, ಮರುತಿಂಗಳು ಹೃದಯವನ್ನೂ ಒಯ್ದಿತು. ಹೆಮ್ಮೆಯ ಸಂಗತಿಯೇ. ಆದರೂ ಇಷ್ಟು ವರ್ಷಗಳಿಂದ ನಾವು ರಸ್ತೆಯನ್ನು ಗಡಿಯಾರಕ್ಕೆ ಹೊಂದಿಸುತ್ತಿದ್ದೇವೆ, ಗಡಿಯಾರವನ್ನು ರಸ್ತೆಗೆ ಹೊಂದಿಸುವ ಕೆಲಸಕ್ಕೆ ಕೈ ಹಚ್ಚಿಲ್ಲ. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿ.ಮೀ., ಶಿರಾಡಿ ಘಾಟಿ ಸರಿಯಿದ್ದರೆ ಏಳು ಗಂಟೆ. ನಾಲ್ಕು ಗಂಟೆಯ ಹೃದಯಕ್ಕೆ ಆ ದಾರಿ ಇಲ್ಲ, ವಿಮಾನವೇ ಗತಿ. ಧಾರವಾಡದಿಂದ ವಂದೇ ಭಾರತ್ ರೈಲು ಬೆಂಗಳೂರು ತಲುಪುವುದಕ್ಕೆ ಆರು ಗಂಟೆಯ ಮೇಲಾಗುತ್ತದೆ. ಹನ್ನೆರಡು ಗಂಟೆ ತಡೆಯುವ ಪೆಟ್ಟಿಗೆ ಕೈಯಲ್ಲಿದ್ದರೆ ವಿಮಾನ ಬಾಡಿಗೆಯ ಚಿಂತೆಯೂ ಝೀರೊ ಟ್ರಾಫಿಕ್ಕಿನ ಗದ್ದಲವೂ ಬೇಕಿಲ್ಲ, ಹೃದಯ ಟಿಕೆಟ್ ತೆಗೆದುಕೊಂಡು ರೈಲಿನಲ್ಲೇ ಬರಬಹುದು. ಹೃದಯ ಬಡಿಸುವ ಯಂತ್ರಕ್ಕೆ ಹಣ ಸುರಿಯುವ ಮೊದಲು ನಮ್ಮ ಸರ್ಕಾರಿ ಹೃದ್ರೋಗ ಸಂಸ್ಥೆಗಳು 10 ಡಿಗ್ರಿಯ ಫ್ರಿಜ್ಜಿನ, 8 ಡಿಗ್ರಿಯ ಪೆಟ್ಟಿಗೆಯ ಲೆಕ್ಕ ಹಾಕಬೇಕು. ಪಂಪು, ದ್ರಾವಣ, ಶೀತಕ, ಇವುಗಳಲ್ಲಿ ಈ ನಾಡಿನ ಕಾರ್ಖಾನೆಗಳು ಮಾಡಲಾಗದಂಥದ್ದು ಏನೂ ಇಲ್ಲ.

ನಿಂತ ಹೃದಯ ಪಡೆಯುವ ದಾರಿ ನಮಗೆ ಸದ್ಯಕ್ಕೆ ಕಡಿದಾದದ್ದು. ಅದಕ್ಕೆ ಮೊದಲು ಚಿಕಿತ್ಸೆ ನಿಲ್ಲಿಸುವ ತೀರ್ಮಾನ ಕಾನೂನಿನಂತೆ, ನೆಮ್ಮದಿಯಿಂದ ಆಗಬೇಕು. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ 2023ರಲ್ಲಿ ಸರಳಗೊಳಿಸಿದ ಘನತೆಯ ಸಾವಿನ ಹಕ್ಕಿಗೆ ಕರ್ನಾಟಕದ ಆರೋಗ್ಯ ಇಲಾಖೆ ಸುತ್ತೋಲೆ ಹೊರಡಿಸಿದ್ದು 2025ರ ಜನವರಿಯಲ್ಲಿ. ಅದು ಆಸ್ಪತ್ರೆಗಳ ದಿನಚರಿಯಲ್ಲಿ ಬೇರು ಬಿಡುವ ಮೊದಲೇ ಅಂಗದಾನದ ಮಾತನ್ನು ಅದಕ್ಕೆ ಕಟ್ಟಿದರೆ ಎರಡೂ ಕೆಡುತ್ತವೆ ಎಂಬ ಭಯ ನನಗಿದೆ.

ಇನ್ನೊಂದು ಮಾತು ಪೆಟ್ಟಿಗೆಯ ಆಚೆಯದು. 2023ರಲ್ಲಿ ದೇಶದಲ್ಲಿ ಮರಣಾನಂತರ ಅಂಗ ಕೊಟ್ಟವರು ಸಾವಿರ ದಾಟಿದರು, ಆದ ಹೃದಯ ಕಸಿ 221, ಶ್ವಾಸಕೋಶ ಕಸಿ 197. ಉಳಿದವರ ಹೃದಯವೆಲ್ಲ ದಾರಿಯಲ್ಲಿ ಹಾಳಾಗಲಿಲ್ಲ. ಕೆಲವರಿಗೆ ವಯಸ್ಸಾಗಿತ್ತು, ಕೆಲವು ಹೃದಯಗಳಿಗೆ ಕಾಯಿಲೆಯಿತ್ತು. ಎಷ್ಟೋ ಹೃದಯಗಳು ಐಸಿಯುನಲ್ಲಿ, ದಾನಿಯ ರಕ್ತದೊತ್ತಡ ಹಿಡಿದಿಡಲಾಗದೆ, ಕ್ಲಾಂಪ್ ಹಾಕುವ ಮೊದಲೇ ಸೋತವು. ನಮ್ಮ ಕಾನೂನಿನಂತೆ ನಾಲ್ವರು ವೈದ್ಯರ ತಂಡ ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಮಿದುಳು ಸಾವನ್ನು ದೃಢಪಡಿಸಬೇಕು. ಆ ಆರು ಗಂಟೆ ಹೃದಯ ದೇಹದೊಳಗೇ ಇರುತ್ತದೆ, ನರ್ಸುಗಳು ಚೆನ್ನಾಗಿ ನೋಡಿಕೊಂಡರೆ ಯಾವ ಯಂತ್ರಕ್ಕಿಂತಲೂ ಕ್ಷೇಮವಾಗಿರುತ್ತದೆ. ಹೊರಗೆ ಬೆಂಚಿನ ಮೇಲೆ ಕೂತ ಮನೆಯವರು ಮಾತ್ರ ಆ ಹೊತ್ತಿನಲ್ಲಿ, ಹೋದವರ ಇಷ್ಟ ಏನಿತ್ತೆಂದು ಗೊತ್ತಿಲ್ಲದೆ, ಒಬ್ಬರ ಮುಖ ಒಬ್ಬರು ನೋಡುತ್ತಿರುತ್ತಾರೆ. ನೀವು ಕರ್ನಾಟಕದ ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿದ್ದರೂ ಕೊನೆಗೆ ಒಪ್ಪಿಗೆ ಕೇಳುವುದು ಅವರನ್ನೇ. ಇಷ್ಟವಿದ್ದರೆ ಇವತ್ತು ರಾತ್ರಿ ಊಟಕ್ಕೆ ಕೂತಾಗ ಅವರಿಗೆ ಹೇಳಿಡಿ.